ಕಾಫಿ ಕುಡಿಯಿರಿ, ಊಟದ ಜೊತೆ ಬೇಡ

ಗುಂಡ್ಲುಪೇಟೆ ಕಡೆಯ ರೈತ ಮಹಿಳೆಯೊಬ್ಬರು ಸುಸ್ತು, ಏದುಸಿರು ಎಂದು ಬಂದಿದ್ದರು. ರಕ್ತದಲ್ಲಿ ಹಿಮೋಗ್ಲೋಬಿನ್ 8 ಗ್ರಾಂ ಇತ್ತು. ಗರ್ಭಿಣಿಯಲ್ಲದ ಸ್ತ್ರೀಯರಿಗೆ ಕನಿಷ್ಠ 12 ಇರಬೇಕು. "ಮೂರು ತಿಂಗಳಿಂದ ದಿನಾ ಮಾತ್ರೆ ನುಂಗ್ತಾವ್ನಿ ಸಾ, ಸುಸ್ತೇ ಹೋಯ್ತಿಲ್ಲ" ಎಂದರು. ಯಾವಾಗ ನುಂಗುತ್ತೀರಿ ಎಂದು ಕೇಳಿದೆ. ಬೆಳಿಗ್ಗೆ ರೊಟ್ಟಿ ತಿಂದು, ಕಾಫಿಯ ಜೊತೆಗೆ ಎಂದರು. ತೊಂದರೆಯ ಮೂಲ ಅಲ್ಲೇ ಇತ್ತು.

ಕಾಫಿಯಲ್ಲಿ ಪಾಲಿಫಿನಾಲ್ ಎಂಬ ಒಗರು ಪದಾರ್ಥಗಳಿವೆ. ಇವು ರಾಗಿ, ಸೊಪ್ಪು, ಹುರುಳಿ, ಅವರೆಕಾಳುಗಳಲ್ಲಿರುವ ಕಬ್ಬಿಣದ ಅಂಶಕ್ಕೆ ಅಂಟಿಕೊಂಡು, ಅದು ಕರುಳಿನಿಂದ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಕಬ್ಬಿಣದ ಮಾತ್ರೆಯ ಗತಿಯೂ ಅದೇ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಊಟದ ಜೊತೆ ಒಂದು ಕಪ್ ಕಾಫಿ ಕುಡಿದವರಲ್ಲಿ ಕಬ್ಬಿಣದ ಹೀರಿಕೆ ಶೇ. 39ರಷ್ಟು ಕಡಿಮೆಯಾಯಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಕಡಿಮೆಯಾಗಲಿಲ್ಲ. ಆದರೆ ಊಟವಾಗಿ ಒಂದು ಗಂಟೆಯ ನಂತರ ಕುಡಿದಾಗಲೂ ಅಷ್ಟೇ ನಷ್ಟ ಕಂಡುಬಂತು!

ಹಾಗಾದರೆ ಬೇರೆ ಬಗೆಯ ಕಾಫಿ ಕುಡಿಯಬಹುದೇ ಎಂದು ಅನೇಕರು ಕೇಳುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಕಾಫಿಯಾಗಲಿ, ಬೆಲ್ಲದ ಕಪ್ಪು ಕಾಫಿಯಾಗಲಿ, ಇನ್‌ಸ್ಟಂಟ್ ಆಗಲಿ, ಈ ವಿಷಯದಲ್ಲಿ ಎಲ್ಲವೂ ಒಂದೇ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚು ಕೆಫೀನ್ ಇದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ನಿದ್ರೆ, ಎದೆಬಡಿತಗಳ ದೃಷ್ಟಿಯಿಂದ ಈ ವ್ಯತ್ಯಾಸ ಮುಖ್ಯ. ಆದರೆ ಕಬ್ಬಿಣವನ್ನು ತಡೆಯುವುದು ಕೆಫೀನ್ ಅಲ್ಲ. ಆದ್ದರಿಂದ ಬದಲಾಯಿಸಬೇಕಾದುದು ಪುಡಿಯನ್ನಲ್ಲ, ಹೊತ್ತನ್ನು. ಚಹಾಕ್ಕೂ ಈ ಮಾತು ಅನ್ವಯಿಸುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯರು, ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವವಾಗುವವರು, ಬೆಳೆಯುವ ಹೆಣ್ಣುಮಕ್ಕಳು ಇರುವ ಮನೆಗಳಲ್ಲಿ ಈ ಕೆಳಗಿನ ಕ್ರಮ ಪಾಲಿಸುವುದು ಒಳ್ಳೆಯದು.

* ಬೆಳಗಿನ ಕಾಫಿಯನ್ನು ತಿಂಡಿಗೆ ಒಂದು ಗಂಟೆ ಮೊದಲೇ ಕುಡಿದುಬಿಡಿ.
* ಮುದ್ದೆ, ಸೊಪ್ಪಿನ ಸಾರಿನ ಊಟದ ನಂತರ ಎರಡು ಗಂಟೆ ಕಾಫಿ ಬೇಡ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಇಲ್ಲವೇ ಊಟದ ನಂತರ ಸೀಬೆಹಣ್ಣು ತಿನ್ನಿ. ಇವುಗಳಲ್ಲಿರುವ ಸಿ ಜೀವಸತ್ವ ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ.
* ಕಾಫಿಯ ಜೊತೆ ಏನಾದರೂ ಬೇಕೆನಿಸಿದರೆ ಸಂಜೆ ಒಂದು ಬಾಳೆಹಣ್ಣು ಅಥವಾ ಸ್ವಲ್ಪ ಮಂಡಕ್ಕಿ ಸಾಕು. ಅವುಗಳಲ್ಲಿ ಕಳೆದುಕೊಳ್ಳುವಷ್ಟು ಕಬ್ಬಿಣವಿಲ್ಲ.
* ಕಬ್ಬಿಣದ ಮಾತ್ರೆಯನ್ನು ನೀರು ಅಥವಾ ನಿಂಬೆ ಪಾನಕದ ಜೊತೆ ನುಂಗಿ. ಹಾಲು, ಕಾಫಿ ಬೇಡ.
* ಥೈರಾಯಿಡ್ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು, ಒಂದು ಗಂಟೆಯ ನಂತರವೇ ಕಾಫಿ ಕುಡಿಯಿರಿ.

ರಕ್ತ ಸಮೃದ್ಧವಾಗಿರುವ ಆರೋಗ್ಯವಂತರು ದಿನಕ್ಕೆ ಎರಡು ಲೋಟ ಕಾಫಿಗೆ ಹೆದರಬೇಕಾಗಿಲ್ಲ. ರಕ್ತಹೀನತೆಗೆ ಕೊಕ್ಕೆಹುಳು ಮುಂತಾದ ಬೇರೆ ಕಾರಣಗಳೂ ಇರುವುದರಿಂದ ಪರೀಕ್ಷೆ ಮಾಡಿಸುವುದನ್ನು ಮರೆಯಬಾರದು.

ಆ ತಾಯಿಗೆ ಮಾತ್ರೆ ಬದಲಿಸಲಿಲ್ಲ. ಮಾತ್ರೆಯನ್ನು ಕಾಫಿಯಿಂದ ದೂರವಿಟ್ಟು, ರಾತ್ರಿ ಮಲಗುವಾಗ ನೀರಿನೊಂದಿಗೆ ನುಂಗಲು ಹೇಳಿದೆ. ಎರಡು ತಿಂಗಳ ನಂತರ ಹಿಮೋಗ್ಲೋಬಿನ್ 10.5ಕ್ಕೆ ಏರಿತ್ತು. ಕಾಫಿಯನ್ನು ಅವರು ಬಿಟ್ಟಿರಲಿಲ್ಲ.