ಅಷ್ಟೇ ಸಿಗರೇಟು, ಎಂಟು ಪಟ್ಟು ಅಪಾಯ

ಒಂದೇ ವಯಸ್ಸಿನಲ್ಲಿ ಸಿಗರೇಟು ಹಿಡಿದ ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬನು ದಿನಕ್ಕೆ 20ರಂತೆ 20 ವರ್ಷ ಸೇದಿ ಬಿಟ್ಟುಬಿಟ್ಟ. ಇನ್ನೊಬ್ಬನು ದಿನಕ್ಕೆ ಹತ್ತೇ ಸೇದಿದ, ಆದರೆ 40 ವರ್ಷ ಸೇದಿದ. ಗುಣಿಸಿ ನೋಡಿದರೆ ಇಬ್ಬರೂ ಸುಟ್ಟ ಸಿಗರೇಟುಗಳ ಲೆಕ್ಕ ಒಂದೇ. ಹಾಗಾದರೆ ಇಬ್ಬರಿಗೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಒಂದೇ ಇರಬೇಕಲ್ಲವೇ? ಇಲ್ಲ ಎನ್ನುತ್ತದೆ ಗಣಿತ.

ಏಕೆಂದು ನೋಡೋಣ. ಜೀವಕೋಶವು ಏಳು ಸುತ್ತಿನ ಕೋಟೆ ಇದ್ದಂತೆ. ಒಂದು ಬಾಗಿಲು ಮುರಿದ ಮಾತ್ರಕ್ಕೆ ಕೋಟೆ ಬೀಳುವುದಿಲ್ಲ. ವಂಶವಾಹಿಗಳಲ್ಲಿ ಒಂದರ ನಂತರ ಒಂದರಂತೆ ಹಲವು ಬದಲಾವಣೆಗಳಾದಾಗ ಮಾತ್ರ ಅದು ಕ್ಯಾನ್ಸರ್ ಕೋಶವಾಗುತ್ತದೆ. 1954ರಲ್ಲಿ ಬ್ರಿಟನ್ನಿನ ಪೀಟರ್ ಆರ್ಮಿಟೇಜ್ ಮತ್ತು ರಿಚರ್ಡ್ ಡಾಲ್ ಈ ವಿಚಾರವನ್ನು ಗಣಿತದ ಮಾದರಿಯಾಗಿ ರೂಪಿಸಿದರು. ಹಲವು ಬಗೆಯ ಕ್ಯಾನ್ಸರುಗಳಲ್ಲಿ ಸಾವಿನ ಪ್ರಮಾಣವು ವಯಸ್ಸಿನ ಸುಮಾರು ಆರನೆಯ ಘಾತದಂತೆ ಏರುವುದನ್ನು ಅವರು ಗಮನಿಸಿದ್ದರು. ಅಂದರೆ ವಯಸ್ಸು ಎರಡರಷ್ಟಾದರೆ ಅಪಾಯ 64 ಪಟ್ಟು!

ಹೊಗೆಯಲ್ಲಿರುವ ಬೆಂಜೊಪೈರೀನ್‌ನಂತಹ ರಾಸಾಯನಿಕಗಳು ಈ ಬಾಗಿಲುಗಳನ್ನು ಬೇಗ ಬೇಗ ಮುರಿಯುತ್ತವೆ. ವರ್ಷಗಳು ಉರುಳಿದಂತೆ ಅರ್ಧ ಮುರಿದ ಕೋಟೆಗಳು ಹೆಚ್ಚುತ್ತಾ ಹೋಗುತ್ತವೆ. ಆದ್ದರಿಂದ ನಲವತ್ತನೆಯ ವರ್ಷದ ಹೊಗೆ ಮೊದಲ ವರ್ಷದ ಹೊಗೆಗಿಂತ ಬಹಳ ಘಾತಕ. ಸ್ಥೂಲವಾದ ಸೂತ್ರ ಹೀಗಿದೆ: ಸೇದುವುದರಿಂದ ಬರುವ ಹೆಚ್ಚುವರಿ ಅಪಾಯವು ದಿನದ ಪ್ರಮಾಣಕ್ಕೆ ಅನುಗುಣವಾಗಿ ಏರುತ್ತದೆ, ಸೇದಿದ ವರ್ಷಗಳಿಗಾದರೋ, ಅವುಗಳ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ.

ಈಗ ನೀವೇ ಲೆಕ್ಕ ಹಾಕಿ. ಎರಡನೆಯವನ ದಿನದ ಪ್ರಮಾಣ ಮೊದಲನೆಯವನ ಅರ್ಧ. ವರ್ಷಗಳು ಮಾತ್ರ ಎರಡರಷ್ಟು. ಅದರ ನಾಲ್ಕನೆಯ ಘಾತ 16. ಹದಿನಾರರ ಅರ್ಧ ಎಂಟು. ಸೇದುವುದನ್ನು ಬಿಟ್ಟವನ ಹೆಚ್ಚುವರಿ ಅಪಾಯವು ಬಿಟ್ಟ ದಿನ ಇದ್ದ ಮಟ್ಟದಲ್ಲೇ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಹೀಗಾಗಿ ಇಬ್ಬರೂ ಅರುವತ್ತರ ಹೊಸ್ತಿಲಿಗೆ ಬಂದಾಗ ಎರಡನೆಯವನ ಹೆಚ್ಚುವರಿ ಅಪಾಯ ಮೊದಲನೆಯವನದಕ್ಕಿಂತ ಎಂಟು ಪಟ್ಟು. "ನಾನು ಕಡಿಮೆ ಮಾಡಿದ್ದೇನೆ" ಎಂಬುದಕ್ಕೂ "ನಾನು ಬಿಟ್ಟಿದ್ದೇನೆ" ಎಂಬುದಕ್ಕೂ ಇರುವ ಅಂತರ ಇದೇ.

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. ಬ್ರಿಟನ್ನಿನಲ್ಲಿ 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸೇದುತ್ತಲೇ ಇರುವ ಗಂಡಸರು ಬೇರೆ ಕಾಯಿಲೆಗೆ ಬಲಿಯಾಗದಿದ್ದರೆ, 75 ವರ್ಷದೊಳಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ಶೇಕಡ 16. ಅರುವತ್ತಕ್ಕೆ ಬಿಟ್ಟವರಲ್ಲಿ ಅದು 10, ಐವತ್ತಕ್ಕೆ ಬಿಟ್ಟವರಲ್ಲಿ 6, ನಲವತ್ತಕ್ಕೆ 3, ಮೂವತ್ತಕ್ಕೆ 2. ಡಾಲ್ ಮತ್ತು ಸಂಗಡಿಗರು 1951ರಿಂದ ಬ್ರಿಟಿಷ್ ವೈದ್ಯರನ್ನೇ ಐವತ್ತು ವರ್ಷ ಗಮನಿಸಿ 2004ರಲ್ಲಿ ವರದಿ ಕೊಟ್ಟರು. ಬಿಡದೆ ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಐವತ್ತಕ್ಕೆ ಬಿಟ್ಟವರು ಅದರಲ್ಲಿ ಆರು ವರ್ಷಗಳನ್ನು ಉಳಿಸಿಕೊಂಡಿದ್ದರು.

ಇಂತಹ ಮಾದರಿ ಯಾರಿಗೆ ಕಾಯಿಲೆ ಬರುತ್ತದೆಂದು ಬೆರಳು ಮಾಡಿ ತೋರಿಸಲಾರದು. ಅದು ಸಾವಿರಾರು ಜನರ ಗುಂಪಿನ ಮಾತು. ಆದರೆ ಮನೆಯ ಹಿರಿಯರು "ಮೂವತ್ತು ವರ್ಷ ಸೇದಿದ್ದಾಯಿತು, ಇನ್ನು ಬಿಟ್ಟರೇನು ಬಂತು?" ಎಂದರೆ, ಒಂದು ಹಾಳೆ ತೆಗೆದುಕೊಂಡು ಈ ಲೆಕ್ಕವನ್ನು ಬರೆದು ತೋರಿಸಿ. ಮುಂದಿನ ಹತ್ತು ವರ್ಷಗಳೇ ಹೆಚ್ಚು ಅಪಾಯಕಾರಿ. ಅವು ಇನ್ನೂ ಅವರ ಕೈಯಲ್ಲಿವೆ.