ಮಲಪ್ರಭೆಯ ದಡದಲ್ಲಿ ಹಳೆಯ ಕಡಲು

ಬಾದಾಮಿಗೆ ಪ್ರವಾಸ ಹೋದವರು ಗುಹಾಲಯಗಳ ಶಿಲ್ಪ ಕಂಡು ಬೆರಗಾಗುತ್ತಾರೆ. ಆ ಶಿಲ್ಪಗಳನ್ನು ಹೊತ್ತ ಕೆಂಪು ಮರಳುಗಲ್ಲನ್ನು ಗಮನಿಸುವವರು ಕಡಿಮೆ. ಗಮನಿಸಿದವರಿಗೆ ಪದರ ಪದರವಾದ ಬಂಡೆಯಲ್ಲಿ ಅಲ್ಲಲ್ಲಿ ಅಲೆಯಂಥ ಗೆರೆಗಳು ಕಾಣುತ್ತವೆ. ‘ಹಿಂದೆ ಇಲ್ಲಿ ಸಮುದ್ರವಿತ್ತು’ ಎಂದು ಕೂಡಲೇ ತೀರ್ಮಾನಿಸುವುದೂ ಉಂಟು. ಆದರೆ ಹರಿಯುವ ಹೊಳೆಯೂ ಮರಳಿನ ಮೇಲೆ ಇಂಥ ಗೆರೆ ಮೂಡಿಸುತ್ತದೆ. ಹಾಗಾದರೆ ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಹೇಗೆ?

ಮೊದಲು ಗೆರೆಯ ಆಕಾರ ನೋಡಬೇಕು. ಅಲೆಯ ನೀರು ಹಿಂದಕ್ಕೂ ಮುಂದಕ್ಕೂ ಆಡುವುದರಿಂದ ಮರಳಿನ ಏಣಿನ ಎರಡೂ ಬದಿಯ ಇಳಿಜಾರು ಸಮನಾಗಿರುತ್ತದೆ. ಹೊಳೆಯ ನೀರು ಒಂದೇ ಕಡೆಗೆ ಹರಿಯುವುದರಿಂದ ಏಣಿನ ಒಂದು ಬದಿ ನಿಧಾನವಾಗಿ ಏರಿ, ಇನ್ನೊಂದು ಬದಿ ಕಡಿದಾಗಿ ಇಳಿಯುತ್ತದೆ. ಆದರೆ ದೊಡ್ಡ ಸರೋವರದಲ್ಲೂ ಅಲೆಗಳೇಳುವುದರಿಂದ ಇದೊಂದೇ ಸಾಕ್ಷಿ ಸಾಲದು.

ಎರಡನೆಯದು, ಬಂಡೆಯೊಳಗಿನ ಓರೆ ಪದರಗಳು. ಹೊಳೆಯ ಮರಳಿನಲ್ಲಿ ಇವು ಬಹುಪಾಲು ಒಂದೇ ದಿಕ್ಕಿಗೆ ವಾಲಿರುತ್ತವೆ. ಉಬ್ಬರ ಇಳಿತವಿರುವ ಕಡಲತೀರದಲ್ಲಿ ಕೆಲವೆಡೆ ಒಂದು ಪದರ ಈ ಕಡೆಗೆ, ಅದರ ಮೇಲಿನದು ಆ ಕಡೆಗೆ ವಾಲಿರುತ್ತದೆ. ಮೂರನೆಯದು, ಮರಳಿನ ಕಾಳು. ಅಲೆಗಳು ಎಡೆಬಿಡದೆ ಉಜ್ಜಿ ತೊಳೆದ ಮರಳಿನ ಕಾಳುಗಳು ಉರುಟಾಗಿ, ಹೆಚ್ಚು ಕಡಿಮೆ ಒಂದೇ ಗಾತ್ರವಾಗಿರುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು ಪದರಗಳ ಕ್ರಮ. ಕಡಲತೀರದಲ್ಲಿ ಮರಳು, ತುಸು ದೂರದ ಆಳದಲ್ಲಿ ಕೆಸರು ಇರುತ್ತದೆ. ಕಡಲು ನೆಲದತ್ತ ಮುಂದುವರಿದರೆ ಮೊದಲಿನ ಮರಳಿನ ಮೇಲೆಯೇ ಕೆಸರು ಕೂರುತ್ತದೆ. ಪದರಗಳ ನಡುವೆ ಕಾಲದ ಅಂತರ ಇಲ್ಲದಿದ್ದರೆ, ಅಕ್ಕಪಕ್ಕದಲ್ಲಿ ಇದ್ದದ್ದೇ ಮೇಲೆ ಕೆಳಗೆ ಸಿಗುತ್ತದೆ. ಜರ್ಮನಿಯ ಯೋಹಾನೆಸ್ ವಾಲ್ಟರ್ 1894ರಲ್ಲಿ ವಿವರಿಸಿದ ಈ ನಿಯಮ ಇಂದಿಗೂ ಭೂವಿಜ್ಞಾನಿಗಳ ಕೈಗನ್ನಡಿ.

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆ ಕೊರೆದು ಹರಿದಿರುವ ಗಟ್ಟಿ ಬಂಡೆ ಇಂಥ ಮರಳಿನಿಂದಲೇ ಆದದ್ದು. ನೂರು ಕೋಟಿ ವರ್ಷಗಳಿಗೂ ಹಿಂದಿನ ಈ ಮರಳುಗಲ್ಲಿನ ಮೇಲೆ ಈ ಸೀಮೆಯಲ್ಲಿ ಕೆಸರಿನಿಂದಾದ ಶಿಲೆಯೂ, ಇನ್ನೂ ಮೇಲೆ ಸೂಕ್ಷ್ಮಜೀವಿಗಳು ಪದರಗಟ್ಟಿದ ಗುರುತುಳ್ಳ ಡಾಲಮೈಟೂ ಸಿಗುತ್ತವೆ. ಆಳವಿಲ್ಲದ ಕಡಲೊಂದು ಒಳಬಂದ ಕಥೆ ಇದು.

ಬಾದಾಮಿಯ ಮರಳುಗಲ್ಲು ಅದಕ್ಕಿಂತ ಈಚಿನದು. ಹಳೆಯ ಪದರಗಳು ಮಡಚಿ, ವಾಲಿ, ಸವೆದ ಮೇಲೆ ಇದು ಅವುಗಳ ಮೇಲೆ ಹೆಚ್ಚು ಕಡಿಮೆ ಮಟ್ಟಸವಾಗಿ ಹರಡಿತು. ಇದರ ಬಹುಭಾಗ ಹೊಳೆಗಳು ತಂದು ಹಾಕಿದ ಮರಳು ಎಂಬುದು ಅನೇಕ ಭೂವಿಜ್ಞಾನಿಗಳ ಅಭಿಪ್ರಾಯ. ಒಂದೇ ಸೀಮೆ, ನೋಟಕ್ಕೆ ಒಂದೇ ಬಗೆಯ ಮರಳು. ಆದರೆ ಒಂದರ ಹಿಂದೆ ಕಡಲು, ಇನ್ನೊಂದರ ಹಿಂದೆ ಹೊಳೆ!

ಇದನ್ನು ಪರೀಕ್ಷಿಸಲು ಸುತ್ತಿಗೆ ಬೇಕಿಲ್ಲ. ಸಂರಕ್ಷಿತ ಸ್ಮಾರಕಗಳಿರುವಲ್ಲಿ ಕಲ್ಲು ಒಡೆಯುವುದು ಅಪರಾಧ ಕೂಡ. ಒಂದು ದಿಕ್ಸೂಚಿ, ಅಳತೆಪಟ್ಟಿ, ಭೂತಗನ್ನಡಿ, ನೋಟ್‌ಬುಕ್ಕು ಇದ್ದರೆ ಸಾಕು. ಓರೆ ಪದರಗಳು ವಾಲಿದ ದಿಕ್ಕನ್ನು ಹತ್ತಿಪ್ಪತ್ತು ಕಡೆ ಗುರುತು ಹಾಕಿಕೊಂಡು ಹೋಲಿಸಿದರೆ, ನೀರು ಎತ್ತ ಹರಿಯಿತೆಂದು ವಿದ್ಯಾರ್ಥಿಗಳೇ ಹೇಳಬಲ್ಲರು.