ಹತ್ತಿ ಬೆಳೆಯದ ಊರಿನ ಹತ್ತಿಯ ಕಥೆ

ಭೂಪಟದಲ್ಲಿ ಮ್ಯಾಂಚೆಸ್ಟರಿನಿಂದ ಬೆರಳನ್ನು ತುಸು ಈಶಾನ್ಯಕ್ಕೆ ಸರಿಸಿದರೆ ಓಲ್ಡ್‌ಹ್ಯಾಮ್ ಸಿಗುತ್ತದೆ. ಪೆನೈನ್ ಬೆಟ್ಟಗಳ ಮಗ್ಗುಲಲ್ಲಿರುವ ಎತ್ತರದ ಊರು. ಅಲ್ಲಿ ಹತ್ತಿಯ ಗಿಡ ಚಿಗುರಲಾರದು. ಆದರೂ ಒಂದು ಕಾಲಕ್ಕೆ ಜಗತ್ತಿನಲ್ಲಿ ಅಷ್ಟು ನೂಲು ತೆಗೆಯುವ ಊರು ಮತ್ತೊಂದಿರಲಿಲ್ಲ.

ಕಾರಣ ಗೂಢವೇನಲ್ಲ. ತೇವದ ಗಾಳಿಯಲ್ಲಿ ಎಳೆ ಸುಲಭವಾಗಿ ಕಡಿಯದು, ಕಾಲಡಿಯಲ್ಲೇ ಕಲ್ಲಿದ್ದಲು, ಅರಳೆ ಇಳಿಸಲು ಲಿವರ್‌ಪೂಲ್ ಬಂದರು. 1778ರಲ್ಲಿ ಮೊದಲ ಗಿರಣಿ ಎದ್ದಿತು. 1801ರಲ್ಲಿ ಸುಮಾರು 12 ಸಾವಿರವಿದ್ದ ಜನಸಂಖ್ಯೆ ನೂರು ವರ್ಷಗಳಲ್ಲಿ 1,37,000ಕ್ಕೆ ಏರಿತು. ಬಂಡವಾಳವೆಲ್ಲ ಸಾಹುಕಾರರದೇ ಎಂದುಕೊಳ್ಳಬೇಡಿ. 1858ರಲ್ಲಿ ಸಹಕಾರ ತತ್ತ್ವವನ್ನು ನಂಬಿದ ಕೆಲಸಗಾರರು ಕೂಡಿ ಕಂಪನಿ ಕಟ್ಟಿ 'ಸನ್ ಮಿಲ್' ನಿಲ್ಲಿಸಿದರು. ಅದನ್ನು ನೋಡಿ ಇಂಥ ಪಾಲುಬಂಡವಾಳದ ಗಿರಣಿಗಳು ಹತ್ತಾರು ಹುಟ್ಟಿದವು. ನೂಲುವವನೂ ಅಂಗಡಿಯವನೂ ಪಾಲುದಾರರಾದರು. ಇದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಮೆಚ್ಚಲಾಗದ್ದೂ ಉಂಟು. ಆ ಸೀಮೆಯ ಆನಿ ಕೆನಿ ಎಂಬ ಹುಡುಗಿ ಹತ್ತನೆಯ ವಯಸ್ಸಿಗೇ ಅರ್ಧ ದಿನ ಗಿರಣಿ, ಅರ್ಧ ದಿನ ಶಾಲೆ ಎಂದು ದುಡಿಯತೊಡಗಿದಳು. ಯಂತ್ರಕ್ಕೆ ಸಿಕ್ಕಿ ಒಂದು ಬೆರಳು ಹೋಯಿತು. ಮುಂದೆ 1905ರಲ್ಲಿ ಹೆಂಗಸರಿಗೆ ಮತದ ಹಕ್ಕು ಕೇಳಿ ಸೆರೆಮನೆ ಕಂಡವಳು ಅವಳೇ.

ನಮ್ಮ ಧಾರವಾಡದ ಹೆಸರು ಈ ಕಥೆಯಲ್ಲಿ ಬರುವುದು 1861ರಲ್ಲಿ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಅರಳೆ ನಿಂತಿತು. 1865ರವರೆಗೆ ಲ್ಯಾಂಕಾಶೈರಿನ ಒಲೆಗಳು ಆರಿದವು. ಗಿರಣಿಯವರು ಹಿಂದೂಸ್ಥಾನದ ಕಡೆ ತಿರುಗಿದರು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿತ್ತು. ನಾಡಹತ್ತಿಗಾದರೋ ಹಡಗು ಹತ್ತುವ ಬಂದರಿನಿಂದ 'ಕುಮಟಾ' ಎಂಬ ಹೆಸರು. ಲ್ಯಾಂಕಾಶೈರಿನವರಿಗೆ ಮಾತ್ರ ಇಲ್ಲಿಂದ ಹೋದದ್ದೆಲ್ಲ 'ಸೂರತ್'! ಎಳೆ ಗಿಡ್ಡ, ಕಸ ಹೆಚ್ಚು ಎಂದು ನೂಲುವವರು ಅದನ್ನು ಶಪಿಸುತ್ತಲೇ ನೂತರು.

ಓಲ್ಡ್‌ಹ್ಯಾಮಿನ ಪ್ಲಾಟ್ ಬ್ರದರ್ಸ್ ಜಗತ್ತಿನ ಅತಿ ದೊಡ್ಡ ಜವಳಿಯಂತ್ರದ ಕಾರಖಾನೆಯಾಯಿತು. ಹಿಂದೂಸ್ಥಾನಕ್ಕೂ ಜಪಾನಿಗೂ ಯಂತ್ರ ಮಾರಿತು. ಕೊಂಡವರು ಸುಮ್ಮನಿರುತ್ತಾರೆಯೇ? ತಾವೇ ನೂತು ಓಲ್ಡ್‌ಹ್ಯಾಮಿನ ಗಿರಾಕಿಗಳನ್ನು ಕಿತ್ತುಕೊಂಡರು. 1929ರಲ್ಲಿ ಅದೇ ಪ್ಲಾಟ್ ಕಂಪನಿ ಜಪಾನಿನ ಟೊಯೊಡಾ ಮಗ್ಗದ ಹಕ್ಕನ್ನು ಒಂದು ಲಕ್ಷ ಪೌಂಡ್ ತೆತ್ತು ಕೊಳ್ಳಬೇಕಾಯಿತು.

ಎರಡನೆಯ ಮಹಾಯುದ್ಧದ ಬಳಿಕ ರಾತ್ರಿಪಾಳಿಗೆ ಜನ ಸಿಗದಾದಾಗ ಪಾಕಿಸ್ತಾನದಿಂದಲೂ, ಈಗ ಬಾಂಗ್ಲಾದೇಶವಾಗಿರುವ ಸೀಮೆಯಿಂದಲೂ ಜನ ಹೋಗಿ ದುಡಿದರು. ಅವರ ಮೊಮ್ಮಕ್ಕಳು ಇಂದಿಗೂ ಅಲ್ಲಿದ್ದಾರೆ. ಗಿರಣಿಗಳು ಇಲ್ಲ. ಕೊನೆಯದಾದ ಎಲ್ಕ್ ಮಿಲ್ 1998ರಲ್ಲಿ ನಿಂತಿತು. ಮರುವರ್ಷ ಅದನ್ನು ಕೆಡವಿದರು. ಆ ಜಾಗದಲ್ಲೀಗ ಅಂಗಡಿಗಳ ಸಾಲಿದೆ.